ಜೋರು ಮಾಡದೆ ಗಟ್ಟಿಯಾಗಿ ಹೇಳುವ ಬಗೆ

ಬೆಳಿಗ್ಗೆ ಹತ್ತೂಕಾಲು ಗಂಟೆ. ಹಂಪನಕಟ್ಟೆಯಿಂದ ಬಲ್ಮಠದ ಕಡೆಗೆ ಹೋಗುವ ರಸ್ತೆಯ ಬದಿಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಮೀಟಿಂಗ್ ನಡೆಯುತ್ತಿದೆ. "ಶುಕ್ರವಾರದ ಒಳಗೆ ಮುಗಿಯಬೇಕು. ಯಾರಿಗಾದರೂ ತೊಂದರೆ ಉಂಟಾ?" ಎಂದು ಮ್ಯಾನೇಜರ್ ಕೇಳುತ್ತಾರೆ. ಶುಕ್ರವಾರಕ್ಕೆ ಮುಗಿಯುವ ಕೆಲಸ ಇದಲ್ಲ ಎಂದು ಮೇಜಿನ ಸುತ್ತ ಕೂತವರಲ್ಲಿ ಮೂವರಿಗಾದರೂ ಗೊತ್ತು. ಆದರೂ ಒಬ್ಬರು ಪೆನ್ನು ತಿರುಗಿಸುತ್ತಾರೆ, ಇನ್ನೊಬ್ಬರು ಮೊಬೈಲ್ ನೋಡುತ್ತಾರೆ, ಮೂರನೆಯವರು "ಆಯ್ತು ಸರ್" ಎಂದುಬಿಡುತ್ತಾರೆ.

ಹನ್ನೊಂದು ಗಂಟೆಗೆ ಕೆಳಗಿನ ಹೋಟೆಲಿನಲ್ಲಿ ಚಾ, ಗೋಳಿಬಜೆ ಮುಂದಿಟ್ಟುಕೊಂಡು ಅದೇ ಮೂವರು ತುಳುವಿನಲ್ಲಿ ಸತ್ಯ ಮಾತಾಡುತ್ತಾರೆ. ಯಾವ ಫೈಲ್ ಬಂದಿಲ್ಲ, ಯಾರು ರಜೆಯಲ್ಲಿದ್ದಾರೆ, ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಎಲ್ಲವೂ ಅಲ್ಲಿ ಹೊರಬರುತ್ತದೆ. ಮ್ಯಾನೇಜರ್‌ಗೆ ಬೇಕಾಗಿದ್ದ ಮಾಹಿತಿ ಅದೇ. ಅದು ಅವರ ಕಿವಿಗೆ ಮಾತ್ರ ಬೀಳುವುದಿಲ್ಲ.

ಶುಕ್ರವಾರ ಸಂಜೆ ಕೆಲಸ ಮುಗಿದಿರುವುದಿಲ್ಲ. ವಾರವಿಡೀ ನುಂಗಿಕೊಂಡಿದ್ದವರಲ್ಲಿ ಒಬ್ಬರು ಆಗ ಎಲ್ಲವನ್ನೂ ಒಟ್ಟಿಗೇ ಕಾರಿಕೊಳ್ಳುತ್ತಾರೆ, ದನಿ ಏರುತ್ತದೆ. ಮರುದಿನ ಕಚೇರಿಯಲ್ಲಿ ಚರ್ಚೆಯಾಗುವುದು ಅವರ ಸಿಟ್ಟು. ಗಡುವೇ ಸರಿಯಿರಲಿಲ್ಲ ಎಂಬ ವಿಷಯ ಅದರಡಿಯಲ್ಲಿ ಮುಚ್ಚಿಹೋಗುತ್ತದೆ.

ಪಾಪದವರು, ಜೋರಿನವರು

ಕೆಲಸದ ಜಾಗದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಎರಡೇ ದಾರಿ. ಸುಮ್ಮನಿದ್ದವರು "ಪಾಪದವರು" ಅನ್ನಿಸಿಕೊಳ್ಳುತ್ತಾರೆ, ಏರಿ ಹೋದವರು "ಜೋರಿನವರು" ಅನ್ನಿಸಿಕೊಳ್ಳುತ್ತಾರೆ. ಮೊದಲನೆಯವರ ಮೇಲೆ ಕೆಲಸ ಬೀಳುತ್ತಾ ಹೋಗುತ್ತದೆ, ಎರಡನೆಯವರಿಂದ ಜನ ದೂರ ಸರಿಯುತ್ತಾರೆ.

ಇವೆರಡರ ನಡುವೆ ಇನ್ನೊಂದು ದಾರಿ ಇದೆ. ತನಗೆ ಗೊತ್ತಿರುವುದನ್ನು, ತನಗೆ ಬೇಕಾದುದನ್ನು, ಎದುರಿನವರ ಮರ್ಯಾದೆಗೆ ಕುಂದು ಬಾರದ ಹಾಗೆ ನೇರವಾಗಿ ಹೇಳುವುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಆಲ್ಬರ್ಟಿ ಮತ್ತು ಮೈಕೆಲ್ ಎಮ್ಮನ್ಸ್ 1970ರಲ್ಲಿ ಬರೆದ ಪುಸ್ತಕದಿಂದ ಈ ನಡುದಾರಿ ಒಂದು ಕಲಿಕೆಯ ವಿಷಯವಾಗಿ ಜಗತ್ತಿನಲ್ಲಿ ಹರಡಿತು. ಅವರು ಒತ್ತಿ ಹೇಳಿದ್ದು, ಇದು ಹುಟ್ಟುಗುಣ ಅಲ್ಲ, ಅಭ್ಯಾಸದಿಂದ ಬರುವಂಥದು ಎಂದು.

ಮಂಗಳೂರಿನಲ್ಲಿ ಈ ಅಭ್ಯಾಸಕ್ಕೆ ತನ್ನದೇ ತೊಡಕುಗಳಿವೆ. ಪಕ್ಕದ ಮೇಜಿನವರೊಂದಿಗೆ ತುಳು, ಕೊಂಕಣಿ ಅಥವಾ ಬ್ಯಾರಿ, ಅಧಿಕಾರಿಯೊಂದಿಗೆ ಕನ್ನಡ, ಮೇಲ್ ಬರೆಯುವಾಗ ಇಂಗ್ಲಿಷ್. ತುಳುವಿನಲ್ಲಿ ಸಲೀಸಾಗಿ ಬರುವ "ಆಗುವುದಿಲ್ಲ" ಎಂಬ ಮಾತು ಕನ್ನಡಕ್ಕೆ ಬರುವಾಗ ಮೆತ್ತಗಾಗುತ್ತದೆ, ಇಂಗ್ಲಿಷ್ ಮೇಲ್ ತಲುಪುವಾಗ ಒಂದೋ ಮಾಯವಾಗುತ್ತದೆ, ಇಲ್ಲವೇ ಒರಟಾಗುತ್ತದೆ.

ಈ ಕರಾವಳಿಯಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕ್‌ನೊಂದಿಗೆ ವಿಲೀನವಾದವು. ಬ್ಯಾಂಕುಗಳಲ್ಲಿ ಮಾತ್ರವಲ್ಲ, ಐ.ಟಿ. ಕಂಪನಿ, ಬಂದರು, ರಿಫೈನರಿ ಎಲ್ಲ ಕಡೆಯೂ ಹೊರ ರಾಜ್ಯದ ಅಧಿಕಾರಿಗಳ ಕೈಕೆಳಗೆ ದುಡಿಯುವುದು ಈಗ ಮಾಮೂಲು. "ನೋಡುವ ಸರ್" ಎಂದರೆ ಆಗುವುದು ಕಷ್ಟ ಎಂದು ಊರಿನವರಿಗೆ ಗೊತ್ತಾಗುತ್ತದೆ. ಹೊರಗಿನಿಂದ ಬಂದವರು ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡು ಮುಂದಿನ ಲೆಕ್ಕ ಹಾಕುತ್ತಾರೆ.

ಹೇಳಬೇಕಾದುದನ್ನು ಹೇಗೆ ಹೇಳಬೇಕು ಎಂಬುದು ಬರೀ ನಯನಾಜೂಕಿನ ಪ್ರಶ್ನೆ ಎಂದು ಈ ಊರಿನವರು ಭಾವಿಸುವ ಹಾಗಿಲ್ಲ. ಅದರ ಬೆಲೆ ಎಷ್ಟು ಎಂದು ನಮ್ಮ ಕಣ್ಣೆದುರೇ ಒಮ್ಮೆ ತಿಳಿದಿದೆ.

ಕೆಂಜಾರಿನ ಆ ಬೆಳಿಗ್ಗೆ

2010ರ ಮೇ 22, ಶನಿವಾರ. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ನೇ ವಿಮಾನ ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ಮಂಗಳೂರಿನಲ್ಲಿ ಇಳಿಯಲು ಬಂತು. ಅದರಲ್ಲಿ 160 ಪ್ರಯಾಣಿಕರು, 6 ಮಂದಿ ಸಿಬ್ಬಂದಿ ಇದ್ದರು. ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ ಇಲ್ಲಿನ ರನ್‌ವೇ 2,450 ಮೀಟರ್ ಉದ್ದ. ಅದರಾಚೆ ಕೆಂಜಾರಿನ ಕಣಿವೆ.

ಇಳಿಯುವ ಹೊತ್ತಿಗೆ ಇರಬೇಕಾಗಿದ್ದ ಎತ್ತರಕ್ಕಿಂತ ವಿಮಾನ ಬಹಳ ಮೇಲಿತ್ತು. ಅದನ್ನು ಸರಿಪಡಿಸಲು ಕ್ಯಾಪ್ಟನ್ ಕಡಿದಾಗಿ ಕೆಳಗಿಳಿಸತೊಡಗಿದರು. ಕಾಕ್‌ಪಿಟ್‌ನ ಎಚ್ಚರಿಕೆ ಯಂತ್ರ ಕೂಗತೊಡಗಿತು. ಸಹಪೈಲಟ್ ಎಚ್.ಎಸ್. ಅಹ್ಲುವಾಲಿಯಾ "ಗೋ ಅರೌಂಡ್" ಎಂದರು. ಅಂದರೆ ಇಳಿಯುವುದನ್ನು ಕೈಬಿಟ್ಟು ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬರೋಣ ಎಂದು. ಒಮ್ಮೆ ಅಲ್ಲ, ಮೂರು ಬಾರಿ ಅವರು ಹಾಗೆ ಹೇಳಿದ್ದು ಧ್ವನಿಮುದ್ರಣ ಯಂತ್ರದಲ್ಲಿ ಉಳಿದಿದೆ.

10,000 ಗಂಟೆಗೂ ಮಿಕ್ಕಿ ಹಾರಾಟದ ಅನುಭವವಿದ್ದ ಕ್ಯಾಪ್ಟನ್ ಜ್ಲಾಟ್ಕೊ ಗ್ಲುಸಿಕಾ ಇಳಿಸುವ ಪ್ರಯತ್ನವನ್ನು ಬಿಡಲಿಲ್ಲ. ಚಕ್ರ ನೆಲ ಮುಟ್ಟುವ ಹೊತ್ತಿಗೆ ರನ್‌ವೇಯ ಸುಮಾರು ಮೂರನೇ ಎರಡು ಭಾಗ ದಾಟಿಹೋಗಿತ್ತು. ನಿಲ್ಲಿಸಲು ಜಾಗ ಸಾಲಲಿಲ್ಲ, ಮತ್ತೆ ಏರಲೂ ಆಗಲಿಲ್ಲ. ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ ಹೊತ್ತಿಕೊಂಡಿತು. 158 ಜನ ಸತ್ತರು. ಬದುಕಿ ಉಳಿದವರು 8 ಮಂದಿ. ಕರಾವಳಿಯ ಮತ್ತು ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆ ಮೇ ತಿಂಗಳು ಇನ್ನೂ ಮುಗಿದಿಲ್ಲ.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದಲ್ಲಿ ತನಿಖೆ ನಡೆಯಿತು. ಧ್ವನಿಮುದ್ರಣದಲ್ಲಿದ್ದ 2 ಗಂಟೆ 5 ನಿಮಿಷದ ಪೈಕಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು ಎಂದು ಗೊತ್ತಾಯಿತು. ಎದ್ದ ಮೇಲೂ ನಿದ್ದೆಯ ಮಂಪರು ಅವರ ನಿರ್ಧಾರವನ್ನು ಕೆಡಿಸಿರಬೇಕು ಎಂದು ವರದಿ ಹೇಳಿತು. ಸಹಪೈಲಟ್ ಮೂರು ಬಾರಿ ಹೇಳಿದರೂ, ಯಂತ್ರ ಮತ್ತೆ ಮತ್ತೆ ಎಚ್ಚರಿಸಿದರೂ ಇಳಿಸುವುದನ್ನು ಬಿಡದಿದ್ದುದೇ ಅಪಘಾತಕ್ಕೆ ನೇರ ಕಾರಣ ಎಂಬುದು ಅದರ ತೀರ್ಮಾನ.

ವರದಿಯಲ್ಲಿ ಇನ್ನೊಂದು ಮುಖ್ಯ ಅಂಶವಿದೆ. ಸಹಪೈಲಟ್ ಹೇಳಿದರು, ಆದರೆ ನಿಯಂತ್ರಣವನ್ನು ತಾವೇ ಕೈಗೆ ತೆಗೆದುಕೊಳ್ಳಲಿಲ್ಲ. ಯಾಕೆ? ಕ್ಯಾಪ್ಟನ್ ಕೇಳದಿದ್ದರೆ ಸಹಪೈಲಟ್ ಯಾವಾಗ, ಹೇಗೆ ಮುಂದುವರಿಯಬಹುದು ಎಂಬ ಬಗ್ಗೆ ಇದ್ದ ಸೂಚನೆಗಳೇ ಸ್ಪಷ್ಟವಾಗಿರಲಿಲ್ಲ, ಬಹುಶಃ ಅದೇ ಕಾರಣ ಎಂದು ತನಿಖೆ ಗುರುತಿಸಿತು. ಹೇಳುವ ಧೈರ್ಯ ಅವರಿಗಿತ್ತು. ಹೇಳಿದ್ದು ಕೆಲಸಕ್ಕೆ ಬಾರದಾಗ ಮುಂದೇನು ಎಂಬ ದಾರಿಯನ್ನು ಯಾರೂ ಸರಿಯಾಗಿ ಬರೆದಿಟ್ಟಿರಲಿಲ್ಲ.

ಆಕಾಶದಲ್ಲಿ ಕಲಿತ ಪಾಠ

ವಿಮಾನಯಾನಕ್ಕೆ ಈ ಸಮಸ್ಯೆ ಹೊಸದಾಗಿರಲಿಲ್ಲ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ಜೆಟ್‌ಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಏರಲು ಓಡುತ್ತಿದ್ದ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಸಂಶಯ ಬಂದಿತ್ತು. ಎದುರಿನ ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಅವರು ಕೇಳಿದರು. ಕ್ಯಾಪ್ಟನ್ ಖಚಿತವಾಗಿ ಹೋಗಿದೆ ಎಂದರು. ಮಾತು ಅಲ್ಲಿಗೇ ನಿಂತಿತು.

ಎರಡು ವರ್ಷದ ಬಳಿಕ, 1979ರಲ್ಲಿ, ನಾಸಾ ಒಂದು ಕಾರ್ಯಾಗಾರ ನಡೆಸಿತು. ಎಂಜಿನ್ ಸರಿಯಿದ್ದೂ, ಪೈಲಟ್ ನುರಿತವನಾಗಿದ್ದೂ ವಿಮಾನಗಳು ಬೀಳುವುದೇಕೆ ಎಂಬುದು ಅಲ್ಲಿನ ಪ್ರಶ್ನೆ. ಕಾಕ್‌ಪಿಟ್ ಒಳಗಿನ ಮೇಲು ಕೀಳು, ಕಿರಿಯರ ಅರೆಬರೆ ಮಾತು, ಹಿರಿಯರ ಕಿವುಡು ಇವೇ ಉತ್ತರದ ದೊಡ್ಡ ಭಾಗವಾಗಿದ್ದವು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಪೈಲಟ್‌ಗಳಿಗೆ ಈ ಬಗ್ಗೆ ತರಬೇತಿ ಆರಂಭಿಸಿತು. ಈಗ ಜಗತ್ತಿನಾದ್ಯಂತ ಪೈಲಟ್‌ಗಳಿಗೆ ಇದು ಕಡ್ಡಾಯ ಪಾಠ.

ಆ ಪಾಠ ಇಬ್ಬರಿಗೂ ಸೇರಿದ್ದು. ಕಿರಿಯರಿಗೆ: ಸೂಚ್ಯವಾಗಿ ಹೇಳಬೇಡಿ, ಬಿಡಿಸಿ ಹೇಳಿ. ಹಿರಿಯರಿಗೆ: ಕೇಳಿಸಿಕೊಳ್ಳುವುದು ನಿಮ್ಮ ಕೆಲಸದ ಭಾಗ, ದೊಡ್ಡ ಮನಸ್ಸಿನ ಪ್ರಶ್ನೆ ಅಲ್ಲ.

ಒಂದೊಂದೇ ಮೆಟ್ಟಿಲು

ಬಿಡಿಸಿ ಹೇಳುವುದು ಎಂದರೇನು ಎಂದು ಆಸ್ಪತ್ರೆಯೊಂದರ ಒಳಗೆ ನೋಡೋಣ. ಆಸ್ಪತ್ರೆಗಳ ಊರು ಇದು. ವೆನ್ಲಾಕ್, ಫಾದರ್ ಮುಲ್ಲರ್, ಕೆ.ಎಂ.ಸಿ. ಹೆಸರು ಕೇಳದವರಿಲ್ಲ. ಇಲ್ಲಿನ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತವರು ಕೊಲ್ಲಿ ದೇಶಗಳವರೆಗೂ ದುಡಿಯುತ್ತಿದ್ದಾರೆ.

ರಾತ್ರಿ ಪಾಳಿಯ ಒಬ್ಬ ಕಿರಿಯ ನರ್ಸ್ ಎಂದಿಟ್ಟುಕೊಳ್ಳಿ. ಡಾಕ್ಟರ್ ಬರೆದ ಇಂಜೆಕ್ಷನ್ ಈ ರೋಗಿಗೆ ಆಗಿಬರುವುದಿಲ್ಲ ಎಂದು ಕೇಸ್ ಶೀಟ್‌ನಲ್ಲಿದೆ. "ಸರ್, ಇದನ್ನೇ ಕೊಡುವುದಾ?" ಎಂದು ಅವರು ಕೇಳಬಹುದು. ಇದು ಪ್ರಶ್ನೆಯೋ, ಎಚ್ಚರಿಕೆಯೋ? ದಣಿದ ಡಾಕ್ಟರ್ "ಹೂಂ, ಕೊಡಿ" ಎಂದರೆ ಮುಗಿಯಿತು.

ತರಬೇತಿಯಲ್ಲಿ ಕಲಿಸುವ ಕ್ರಮ ಬೇರೆ. ಮೊದಲ ಮೆಟ್ಟಿಲು, ಕಂಡದ್ದನ್ನು ಹೇಳುವುದು: "ಸರ್, ಈ ಪೇಷೆಂಟ್‌ಗೆ ಪೆನಿಸಿಲಿನ್ ಅಲರ್ಜಿ ಉಂಟು ಅಂತ ಶೀಟ್‌ನಲ್ಲಿ ಬರೆದಿದೆ." ಎರಡನೆಯದು, ಕಾಳಜಿ ಹೇಳುವುದು: "ಇದನ್ನು ಕೊಟ್ಟರೆ ತೊಂದರೆ ಆಗಬಹುದು ಅಂತ ನನಗೆ ಹೆದರಿಕೆ." ಮೂರನೆಯದು, ಏನಾಗಬೇಕು ಎಂದು ಹೇಳುವುದು: "ಬೇರೆ ಔಷಧ ಬರೆಯುತ್ತೀರಾ ಸರ್?" ಆಗಲೂ ಉತ್ತರ ಬಾರದಿದ್ದರೆ ನಾಲ್ಕನೆಯದು: "ಸರ್, ಇದು ಪೇಷೆಂಟ್ ಜೀವದ ಪ್ರಶ್ನೆ. ನಾನು ಈ ಇಂಜೆಕ್ಷನ್ ಕೊಡುವುದಿಲ್ಲ, ಡ್ಯೂಟಿಯಲ್ಲಿರುವ ಸೀನಿಯರ್‌ಗೆ ಫೋನ್ ಮಾಡುತ್ತೇನೆ."

ಈ ಮಾತುಗಳಲ್ಲಿ "ಸರ್" ಇದೆ, ಬಹುವಚನ ಇದೆ. ಡಾಕ್ಟರಿಗೆ ಗೊತ್ತಿಲ್ಲ ಎಂಬ ಕುಟುಕು ಎಲ್ಲೂ ಇಲ್ಲ. ಹಾಗಿದ್ದೂ ನಾಲ್ಕನೆಯ ಮಾತಿಗಿಂತ ಗಟ್ಟಿಯಾದ ಮಾತು ಆ ವಾರ್ಡಿನಲ್ಲಿ ಇರಲಾರದು. ಒಂದೇ ವಿಷಯವನ್ನು ಒಂದೊಂದು ಮೆಟ್ಟಿಲು ಮೇಲಕ್ಕೆ ಒಯ್ದದ್ದರಿಂದ ಆ ಬಲ ಬಂತು. ದನಿ ಮೊದಲಿದ್ದಲ್ಲೇ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರ್‌ಗಳಿಗಾಗಿ 19 ಅಂಶಗಳ ಪಟ್ಟಿಯೊಂದನ್ನು ಹೊರತಂದಿತು. ಚರ್ಮಕ್ಕೆ ಕತ್ತಿ ತಾಗಿಸುವ ಮೊದಲು ಅಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು ಎಂಬುದು ಅದರಲ್ಲೊಂದು. ಒಮ್ಮೆ ಬಾಯಿ ಬಿಟ್ಟವರಿಗೆ ಎರಡನೇ ಬಾರಿ ಮಾತಾಡುವುದು ಸುಲಭ, ಇದೇ ಅದರ ಹಿಂದಿನ ವಿಚಾರ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದಾಗ ಆಪರೇಷನ್ ಆದವರಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು.

ಕಚೇರಿಯಲ್ಲಿ ಹೀಗೆ ಹೇಳಬಹುದು

ಕಚೇರಿಗಳಲ್ಲಿ ಜೀವದ ಪ್ರಶ್ನೆ ಇರುವುದಿಲ್ಲ, ಕ್ರಮ ಮಾತ್ರ ಅದೇ. ಮೊದಲು ವಿಷಯ, ಆಮೇಲೆ ಅದರ ಪರಿಣಾಮ, ಕೊನೆಗೆ ಕೋರಿಕೆ.

"ಸರ್, ಬ್ರಾಂಚಿನಿಂದ ಬರಬೇಕಾದ ಲೆಕ್ಕ ಇನ್ನೂ ಬಂದಿಲ್ಲ. ಅದು ಬುಧವಾರ ಬಂದರೂ ಪರಿಶೀಲಿಸಲಿಕ್ಕೆ ಮೂರು ದಿನ ಬೇಕು. ಶುಕ್ರವಾರ ಅರ್ಧ ಕೊಡಬಹುದು, ಉಳಿದದ್ದು ಮಂಗಳವಾರ. ಇಲ್ಲದಿದ್ದರೆ ಇನ್ನೊಬ್ಬರನ್ನು ಕೊಡಿ, ಶುಕ್ರವಾರವೇ ಮುಗಿಸುತ್ತೇವೆ." ಇಷ್ಟು ಹೇಳಿದರೆ ಮ್ಯಾನೇಜರ್ ಎದುರು ಎರಡು ದಾರಿ ಇರುತ್ತದೆ. ಯಾವುದನ್ನು ಆರಿಸಬೇಕೆಂಬ ಅಧಿಕಾರ ಅವರಲ್ಲೇ ಉಳಿಯುತ್ತದೆ. ಅವರ ಮಾತು ಮೀರಿದ ಹಾಗೂ ಆಗಲಿಲ್ಲ, ಸುಳ್ಳು ಒಪ್ಪಿಕೊಂಡ ಹಾಗೂ ಆಗಲಿಲ್ಲ.

ಮಾತು ಉದ್ಧಟತನವಾಗುವುದು ಮುಖ್ಯವಾಗಿ ಮೂರು ಕಡೆ. ಒಂದು, ಕೆಲಸದ ಬಗ್ಗೆ ಹೇಳುವ ಬದಲು ವ್ಯಕ್ತಿಯ ಬಗ್ಗೆ ಹೇಳಿದಾಗ: "ನೀವು ಯಾವಾಗಲೂ ಹೀಗೇ." ಎರಡು, ಹಳೆಯ ಬಾಕಿಗಳನ್ನೆಲ್ಲ ಒಟ್ಟು ಸೇರಿಸಿ ತಂದಾಗ. ಮೂರು, ನಾಲ್ಕು ಜನರ ಎದುರು ಒಬ್ಬರ ಮುಖ ಕೆಡಿಸಿದಾಗ. ನಿಮ್ಮ ಕೆಲಸವನ್ನು ಸಹೋದ್ಯೋಗಿ ತನ್ನದೆಂದು ಹೇಳಿಕೊಂಡರೆ ಅದೇ ದಿನ, ಅವರೊಬ್ಬರೇ ಇರುವಾಗ, "ಆ ವರದಿ ನಾನು ಮಾಡಿದ್ದು. ಮುಂದಿನ ಸಲ ಹೇಳುವಾಗ ನನ್ನ ಹೆಸರೂ ಹೇಳಿ ಆಯ್ತಾ" ಎನ್ನುವುದು ಗಟ್ಟಿ ಮಾತು. ಆರು ತಿಂಗಳು ಕಾದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಅದು ಜಗಳ.

ಬಾಯಲ್ಲಿ ಹೇಳಿದ್ದನ್ನು ಅಂದೇ ನಾಲ್ಕು ಸಾಲಿನ ಮೇಲ್‌ನಲ್ಲಿ ಬರೆದಿಡುವುದು ಒಳ್ಳೆಯ ರೂಢಿ. ಸಿಟ್ಟು ಬಂದ ಹೊತ್ತಿನಲ್ಲಿ ಬರೆದದ್ದನ್ನು ಮಾತ್ರ ಮರುದಿನ ಬೆಳಿಗ್ಗೆ ಓದಿದ ಮೇಲೆಯೇ ಕಳಿಸಬೇಕು.

ಕಿರುಕುಳದ ಮಾತು ಬೇರೆ. ಅಲ್ಲಿ ದನಿಯನ್ನು ಹದಮಾಡಿಕೊಳ್ಳುವ ಹೊಣೆ ಸಹಿಸುವವರದ್ದಲ್ಲ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಎಂದು 2013ರ ಕಾನೂನು ಹೇಳುತ್ತದೆ. ಅಷ್ಟು ಜನ ಇಲ್ಲದ ಅಂಗಡಿ, ಮನೆಗೆಲಸದವರಿಗೆ ಜಿಲ್ಲಾ ಮಟ್ಟದ ಸಮಿತಿ ಇದೆ.

ಬೀಡಿ ಬ್ರಾಂಚಿನ ಕಟ್ಟೆಯಲ್ಲಿ

ಒಬ್ಬೊಬ್ಬರೇ ಎಷ್ಟು ಚೆನ್ನಾಗಿ ಹೇಳಿದರೂ ಸಾಲದ ಜಾಗಗಳಿವೆ. ಅದನ್ನು ದಕ್ಷಿಣ ಕನ್ನಡದ ಬೀಡಿ ಕಟ್ಟುವ ಹೆಂಗಸರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಎಲೆ, ಹೊಗೆಸೊಪ್ಪು ತಂದು, ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ, ಬ್ರಾಂಚಿಗೆ ಒಯ್ದು ಕೊಡುವುದು ಅವರ ಕೆಲಸ. ಅಲ್ಲಿ ನೋಡುವವರು ಕಟ್ಟು ಬಿಚ್ಚಿ, ಚೆನ್ನಾಗಿಲ್ಲ ಎಂದು ಕೆಲವನ್ನು ಪಕ್ಕಕ್ಕೆ ತೆಗೆಯುತ್ತಾರೆ. ಎಷ್ಟು ತೆಗೆಯುತ್ತಾರೋ ಅಷ್ಟು ಕೂಲಿ ಕಡಿತ. ಎದುರು ಮಾತಾಡಿದರೆ ನಾಳೆ ಎಲೆ ಸಿಗದೆ ಹೋಗಬಹುದು ಎಂಬ ಹೆದರಿಕೆ ಬೇರೆ.

ಸಂಘಟನೆಗಳು ಈ ದೂರನ್ನು ಒಟ್ಟು ದನಿಯಲ್ಲಿ ಎತ್ತಿದವು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದಾಗ ಬೀಡಿ ತಿರಸ್ಕರಿಸುವ ವಿವಾದವನ್ನು ಬಗೆಹರಿಸಲು ಒಬ್ಬ ಅಧಿಕಾರಿ ಇರಬೇಕು ಎಂಬ ಮಾತು ಅದರಲ್ಲಿ ಸೇರಿತು. ಸಾಮಾನ್ಯವಾಗಿ ಶೇ 5ಕ್ಕಿಂತ ಹೆಚ್ಚು ತಿರಸ್ಕರಿಸಬಾರದು ಎಂದು ಆಗಿನ ಮೈಸೂರು ರಾಜ್ಯದ ನಿಯಮಗಳು ಮಿತಿ ಹಾಕಿದವು. ಮಾಲೀಕರು ಕಾಯ್ದೆಯನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 1974ರಲ್ಲಿ ಅದನ್ನು ಎತ್ತಿಹಿಡಿಯಿತು.

ಇದರಿಂದ ಕಟ್ಟೆಯ ಮೇಲಿನ ಮಾತೇ ಬದಲಾಗಬಲ್ಲದು. "ಇಷ್ಟು ತೆಗೆದರೆ ನಾವು ಹೇಗೆ ಬದುಕುವುದು?" ಎಂಬುದು ಮೊರೆ. "ಇದು ಲೆಕ್ಕಕ್ಕಿಂತ ಹೆಚ್ಚಾಯಿತು, ಎಣಿಸಿ ನೋಡಿ" ಎಂಬುದು ಹಕ್ಕಿನ ಮಾತು. ಹಿಂದೆ ನಿಯಮವೊಂದು ನಿಂತಿದ್ದರೆ ಮೆಲುದನಿಗೂ ಬಲ ಬರುತ್ತದೆ. ಆ ಬೆಳಿಗ್ಗೆ ಕಾಕ್‌ಪಿಟ್‌ನಲ್ಲಿ ಇಲ್ಲದೇ ಹೋದದ್ದು ಅದೇ ಬಲ.

ಹೆಣ್ಣು ಹೇಳಿದರೆ

ಒಂದೇ ಮಾತನ್ನು ಗಂಡಸು ಹೇಳಿದರೆ "ಖಡಕ್ ಮನುಷ್ಯ", ಹೆಂಗಸು ಹೇಳಿದರೆ "ಭಾರೀ ಜೋರು". ಈ ಅನ್ಯಾಯ ಎಲ್ಲ ಕಡೆ ಇದೆ. ಅಮೆರಿಕದ ಪ್ರೈಸ್ ವಾಟರ್‌ಹೌಸ್ ಸಂಸ್ಥೆಯಲ್ಲಿ ದೊಡ್ಡ ಗುತ್ತಿಗೆಗಳನ್ನು ಗಳಿಸಿಕೊಟ್ಟ ಆ್ಯನ್ ಹಾಪ್ಕಿನ್ಸ್‌ಗೆ ಪಾಲುದಾರಿಕೆ ತಪ್ಪಿತು. ನಡೆ, ನುಡಿ, ಉಡುಪಿನಲ್ಲಿ ಇನ್ನಷ್ಟು ಹೆಣ್ಣಾಗಿರಿ ಎಂಬ ಬುದ್ಧಿಮಾತೂ ಸಿಕ್ಕಿತು. ಅವರು ಕೋರ್ಟಿಗೆ ಹೋದರು. ಕೆಲಸಕ್ಕೆ ಗಟ್ಟಿತನ ಬೇಕು ಎಂದು, ಹೆಣ್ಣಿನಲ್ಲಿ ಮಾತ್ರ ಅದೇ ಗುಣವನ್ನು ತಪ್ಪೆಂದರೆ ಆಕೆಗೆ ಹೊರದಾರಿಯೇ ಇಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲಿ ಗುರುತಿಸಿತು.

ಮಂಗಳೂರಿನಲ್ಲೇ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ನಮಗೆ ಹತ್ತಿರದ ಉದಾಹರಣೆ. 1930ರ ದಂಡಿಯಾತ್ರೆಗೆ ಗಾಂಧೀಜಿ ಆಯ್ದುಕೊಂಡದ್ದು ಗಂಡಸರನ್ನು ಮಾತ್ರ. ಕಮಲಾದೇವಿ ಗಾಂಧೀಜಿಯ ಮೇಲೆ ಹರಿಹಾಯಲಿಲ್ಲ, ಅವರಿಂದ ದೂರವೂ ಹೋಗಲಿಲ್ಲ. ನೇರವಾಗಿ ಭೇಟಿಯಾಗಿ, ಉಪ್ಪಿನ ಹೋರಾಟದಲ್ಲಿ ಹೆಂಗಸರೂ ಇರಬೇಕು ಎಂದು ವಾದಿಸಿ ಒಪ್ಪಿಗೆ ಪಡೆದರು. ಮುಂಬೈಯಲ್ಲಿ ಉಪ್ಪಿನ ಕಾನೂನು ಮುರಿದವರ ಮುಂಚೂಣಿಯಲ್ಲಿ ತಾವೇ ನಿಂತರು. ಅಪಾರ ಗೌರವ ಇಟ್ಟುಕೊಂಡೇ ಒಪ್ಪದಿರಬಹುದು ಎಂದು ಅವರು ತೋರಿಸಿಕೊಟ್ಟರು.

ಹಾಗೆಂದು ದನಿ ತಿದ್ದಿಕೊಳ್ಳುವ ಭಾರವನ್ನೆಲ್ಲ ಹೆಣ್ಣುಮಕ್ಕಳ ಮೇಲೆ ಹೊರಿಸಬಾರದು. ಮೀಟಿಂಗ್‌ನಲ್ಲಿ ಆಕೆಯ ಮಾತನ್ನು ಯಾರಾದರೂ ತುಂಡರಿಸಿದಾಗ "ಅವರದ್ದು ಮುಗಿಯಲಿ" ಎಂದು ಪಕ್ಕದಲ್ಲಿ ಕೂತವರು ಹೇಳಿದರೆ ಅರ್ಧ ಕೆಲಸ ಆದಂತೆ.

ಕೇಳುವವರ ಪಾಲು

ನೇರವಾಗಿ ಮಾತಾಡುವುದನ್ನು ಕಲಿಸುವ ಶಿಬಿರಗಳು ಕೈಕೆಳಗಿನವರಿಗೇ ನಡೆಯುತ್ತವೆ. ಮೇಲೆ ಕೂತವರಿಗೂ ಅಷ್ಟೇ ಕಲಿಯುವುದಿದೆ. "ಯಾರಿಗಾದರೂ ತೊಂದರೆ ಉಂಟಾ?" ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. "ಇದರಲ್ಲಿ ಎಲ್ಲಿ ತಪ್ಪಾಗಬಹುದು, ಒಬ್ಬೊಬ್ಬರೂ ಒಂದೊಂದು ಹೇಳಿ" ಎಂದು ಕಿರಿಯರಿಂದ ಶುರುಮಾಡಿ ಕೇಳಿದರೆ ಬೇರೆಯೇ ಉತ್ತರಗಳು ಬರುತ್ತವೆ. ಮ್ಯಾನೇಜರ್ ತಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಬೇಕು ಅಷ್ಟೆ.

ಅದಕ್ಕಿಂತ ಮುಖ್ಯ, ಹೇಳಿದವರಿಗೆ ಆಮೇಲೆ ಏನಾಯಿತು ಎಂಬುದು. ಇಳಿಯುವುದು ಸರಿಯಿಲ್ಲವೆಂದು ಮತ್ತೆ ಮೇಲೇರಿದ ಪೈಲಟ್‌ನನ್ನು ಶಿಕ್ಷಿಸಬಾರದು ಎಂಬ ನೀತಿಯನ್ನು ವಿಮಾನಯಾನ ಒಪ್ಪಿಕೊಂಡದ್ದು ಇದಕ್ಕೇ. ಕಚೇರಿಯಲ್ಲೂ ಕಳೆದ ಸಲ ತಪ್ಪು ತೋರಿಸಿದವರಿಗೆ ದೂರದ ಊರಿಗೆ ವರ್ಗವಾಗಿದ್ದರೆ, ಆ ಸುದ್ದಿಯನ್ನು ಯಾವ ಶಿಬಿರವೂ ಅಳಿಸಲಾರದು. ತಪ್ಪು ತೋರಿಸಿದ್ದಕ್ಕೆ ಎಲ್ಲರೆದುರು ಒಂದು ಥ್ಯಾಂಕ್ಸ್ ಸಿಕ್ಕಿದ್ದರೆ ಅದನ್ನೂ ಜನ ಅಷ್ಟೇ ನೆನಪಿಟ್ಟುಕೊಳ್ಳುತ್ತಾರೆ.

ಆದ್ದರಿಂದ ಈ ಊರಿನ ಪ್ರತಿ ಆಸ್ಪತ್ರೆ, ಬ್ಯಾಂಕ್, ಕಾರ್ಖಾನೆ, ಕಚೇರಿ ಒಂದು ಪುಟದಷ್ಟು ಬರೆದಿಡಲಿ: ಯಾವ ಕೆಲಸವನ್ನು ನಿಲ್ಲಿಸಿ ಎಂದು ಯಾರು ಹೇಳಬಹುದು, ಕೇಳದಿದ್ದರೆ ಮುಂದೆ ಯಾರಿಗೆ ಹೇಳಬೇಕು, ಹಾಗೆ ಹೇಳಿದವರಿಗೆ ಏನೂ ಆಗುವುದಿಲ್ಲ ಎಂದು ಯಾರು ಹೊಣೆ ಹೊರುತ್ತಾರೆ. ಆ ಪುಟವನ್ನು ಅತಿ ಕಿರಿಯರ ಕೈಗೆ ಮೊದಲ ದಿನವೇ ಕೊಡಲಿ. ಅದು ಕೈಯಲ್ಲಿದ್ದರೆ ಪಾಪದವರಿಗೂ ಮಾತಾಡುವ ಧೈರ್ಯ ಬರುತ್ತದೆ, ಜೋರಿನವರಿಗೆ ಕೂಗಾಡಬೇಕಾದ ಅಗತ್ಯವೇ ಉಳಿಯುವುದಿಲ್ಲ.